ಆರನೇ ಕ್ರಾಸಿನ ಚಪ್ಪಡಿಗಳು

"ಸಾಹೇಬ್ರು ಫೀಲ್ಡಿಗೆ ಹೋಗಿದಾರೆ," ಎಂದು ವಾರ್ಡ್ ಕಚೇರಿಯ ಅಟೆಂಡರ್ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದ.

ಪ್ರತಿಭಾ ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡಳು. ಸೋಮವಾರ ಬಂದರೆ ಮೀಟಿಂಗು, ಬುಧವಾರ ಬಂದರೆ ಹೆಡ್ಡಾಫೀಸು, ಶನಿವಾರ ಬಂದರೆ ಫೀಲ್ಡು. ಆ ಫೀಲ್ಡು ಎಲ್ಲಿದೆಯೆಂದು ಅವಳಿಗೆ ನಿಜಕ್ಕೂ ತಿಳಿದುಕೊಳ್ಳಬೇಕಿತ್ತು. ಗಂಗಪ್ಪ ಲೇಔಟಿನ ಆರನೇ ಕ್ರಾಸಿನಲ್ಲಂತೂ ಅದು ಇರಲಿಲ್ಲ. ಅಲ್ಲಿ ಒಂದು ಮಳೆಗಾಲ ಕಳೆದು ಇನ್ನೊಂದು ತಲೆಯ ಮೇಲೆ ಬಂದಿದ್ದರೂ ಅಸಿಸ್ಟೆಂಟ್ ಇಂಜಿನಿಯರ್ ಮುತ್ತಣ್ಣನವರ ಮುಖ ಕಂಡವರು ಯಾರೂ ಇರಲಿಲ್ಲ.

ಹೊರಗೆ ಬಂದು ರಸ್ತೆ ದಾಟಿದರೆ, ಬೇಕರಿಯ ಮುಂದೆ ಮುತ್ತಣ್ಣ ಟೀ ಕುಡಿಯುತ್ತಾ ನಿಂತಿದ್ದರು. ಇನ್ನೊಂದು ಕೈಯಲ್ಲಿ ದಿಲ್‌ಪಸಂದಿನ ಚೂರು.

"ಸರ್, ಆರನೇ ಕ್ರಾಸ್ ಮೋರಿ."

"ಓ, ಮೇಡಂ! ಬೆಳಿಗ್ಗೆ ನಿಮ್ದೇ ಫೈಲ್ ನೋಡ್ತಾ ಇದ್ದೆ ನೋಡಿ," ಎಂದು ಅವರು ಬಾಯಿ ಒರೆಸಿಕೊಂಡರು.

"ಚಪ್ಪಡಿ ಯಾವಾಗ ಹಾಕಿಸ್ತೀರಾ?"

"ಅದು ನನ್ನ ಪೀರಿಯಡ್ ಕೆಲ್ಸ ಅಲ್ಲ ಮೇಡಂ. ನನಗಿಂತ ಮುಂಚೆ ಇದ್ದೋರು ಮಾಡ್ಸಿದ್ದು. ರೆಕಾರ್ಡಲ್ಲಿ ಕೆಲ್ಸ ಮುಗಿದಿದೆ, ಬಿಲ್ಲೂ ಪಾಸಾಗಿದೆ. ಮುಗಿದಿರೋ ಕೆಲ್ಸಾನ ನಾನು ಮತ್ತೆ ಹೆಂಗೆ ಮಾಡ್ಸಲಿ? ಆಡಿಟ್‌ನೋರು ನನ್ನ ಹಿಡ್ಕೊಳಲ್ವಾ?"

"ಆದ್ರೆ ಮುಗಿದಿಲ್ವಲ್ಲ ಸರ್. ನೀವೇ ಬಂದು ನೋಡಿ."

"ಅದನ್ನೇ ನಾನೂ ಹೇಳ್ತಿರೋದು ಮೇಡಂ," ಎಂದು ಮುತ್ತಣ್ಣ ಬಹಳ ತಾಳ್ಮೆಯಿಂದ, ಮಗುವಿಗೆ ಮಗ್ಗಿ ಹೇಳಿಕೊಡುವವರಂತೆ ಹೇಳಿದರು. "ಮುಗಿದಿಲ್ಲ. ಆದ್ರೆ ಮುಗಿದಿದೆ."

ಪ್ರತಿಭಾ ಇಂದಿರಾನಗರದ ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ ಕ್ಲೇಮು ಪರಿಶೀಲಿಸುವ ವಿಭಾಗದಲ್ಲಿದ್ದಳು. ಆ ಕಾಗದ ತನ್ನಿ, ಈ ಸಹಿ ಇಲ್ಲ, ಆಸ್ಪತ್ರೆಯ ಸೀಲು ಸರಿಯಾಗಿ ಬಿದ್ದಿಲ್ಲ ಎಂದು ದಿನವಿಡೀ ಬೇರೆಯವರನ್ನು ಅಲೆಸುವುದೇ ಅವಳ ನೌಕರಿ. ಹಾಗಾಗಿ ಅಲೆಸುವವರ ಮಾತಿನ ಧಾಟಿ ಅವಳಿಗೆ ಹೊಸದಲ್ಲ. ಆದರೆ ಈ ಮಾತು ಅವಳ ಸರ್ವೀಸಿನಲ್ಲೇ ಕೇಳಿರದ ಮಾತಾಗಿತ್ತು. ಅದನ್ನೇ ಮೆಲುಕು ಹಾಕುತ್ತಾ ಮನೆಗೆ ಬಂದಳು.

ಮನೆ ಇದ್ದದ್ದು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಸಿ.ವಿ. ರಾಮನ್ ನಗರದ ಕಡೆಗೆ ಇಳಿಯುವ ಇಳಿಜಾರಿನಲ್ಲಿ. ಹೋದ ಮಳೆಗಾಲಕ್ಕೆ ಮುಂಚೆ ಜೆಸಿಬಿ ಬಂದು ಕ್ರಾಸಿನ ಎರಡೂ ಬದಿಯ ಮೋರಿಯನ್ನು ಅಗೆದಿತ್ತು. ಅಜ್ಜನ ಕಾಲದ ಕಲ್ಲು ಚಪ್ಪಡಿಗಳನ್ನು ಲಾರಿಗೆ ತುಂಬಿಕೊಂಡು ಹೋದರು. ಅವು ಎಲ್ಲಿಗೆ ಹೋದವೋ ದೇವರಿಗೇ ಗೊತ್ತು. ಮೋರಿಗೆ ಕಾಂಕ್ರೀಟಿನ ಗೋಡೆ ಎದ್ದಿತು. ಮೇಲೆ ಮುಚ್ಚುವ ಹೊತ್ತಿಗೆ ಕಂಟ್ರಾಕ್ಟರನೂ ಇಲ್ಲ, ಆಳುಗಳೂ ಇಲ್ಲ. ಕ್ರಾಸಿನ ಮೂಲೆಯಲ್ಲಿ ಮಾತ್ರ ಹಳದಿ ಬೋರ್ಡೊಂದು ನಿಂತಿತು: 'ಚರಂಡಿ ಹಾಗೂ ಪಾದಚಾರಿ ಮಾರ್ಗ ಕಾಮಗಾರಿ ಪೂರ್ಣಗೊಂಡಿದೆ.' ಅಂದಿನಿಂದ ಪ್ರತಿ ಮನೆಯವರೂ ಗೇಟಿನ ಮುಂದೆ ಒಂದೊಂದು ಹಲಗೆ ಹಾಕಿಕೊಂಡು ಓಡಾಡುತ್ತಿದ್ದರು.

ಯುಗಾದಿಯ ಹಿಂದಿನ ದಿನ ಪ್ರತಿಭಾಳ ಅತ್ತೆ ಶರಣವ್ವ ಬೇವಿನ ಸೊಪ್ಪು ತರಲು ಹೋಗಿ ಆ ಹಲಗೆ ಮಗುಚಿ ಮೋರಿಯೊಳಗೆ ಬಿದ್ದಿದ್ದರು. ಮುಂಗೈ ಮುರಿಯಿತು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಟೋದಲ್ಲಿ ಮರಳುವಾಗ ಆ ಬೋರ್ಡಿನ ಮೇಲಿದ್ದುದನ್ನು ಮಗ ಪ್ರಭುಲಿಂಗನಿಂದ ಓದಿಸಿ ಕೇಳಿ, "ರೊಕ್ಕಾ ತಿನ್ನಾವ್ರನ್ನ ಗದಗಿನ್ಯಾಗೂ ನೋಡೇನಿ. ಇಲ್ಲೆ ಕಲ್ಲೂ ತಿಂತಾರಲ್ಲೋ," ಎಂದಿದ್ದರು.

ಇದರಲ್ಲಿ ಕಂಡುಹಿಡಿಯುವ ಗುಟ್ಟೇನೂ ಇರಲಿಲ್ಲ. ಯಾವ ಕೆಲಸಕ್ಕೆ ಯಾವ ತಿಂಗಳು ಬಿಲ್ಲಾಯಿತು ಎಂಬುದು ಪಾಲಿಕೆಯ ವೆಬ್‌ಸೈಟಿನಲ್ಲೇ, ಯಾರು ಬೇಕಾದರೂ ನೋಡುವಂತೆ ಇತ್ತು. ಪ್ರತಿಭಾ ನೋಡಿದ್ದಳು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು ಕೇಳುವುದು ಯಾರನ್ನು? ಕಾರ್ಪೊರೇಟರ್ ಚುನಾವಣೆ ನಡೆದು ಹತ್ತಿರ ಹತ್ತಿರ ಹತ್ತು ವರ್ಷವಾಗಿತ್ತು. ಗೆದ್ದವರ ಅವಧಿ ಮುಗಿದು ಆಮೇಲೆ ಚುನಾವಣೆಯೇ ಇಲ್ಲ. ನಗರಕ್ಕೆ ಒಂದಿದ್ದ ಪಾಲಿಕೆಯನ್ನು ಐದಾಗಿ ಒಡೆದರು, ಕಚೇರಿಯ ಹೆಸರಿನ ಬೋರ್ಡುಗಳು ಬದಲಾದವು, ಮೋರಿ ಹಾಗೇ ಬಾಯಿ ತೆರೆದುಕೊಂಡಿತ್ತು.

ಮುತ್ತಣ್ಣನವರ ಮಾತು ಕೇಳಿ ಬಂದ ಮೇಲೆ ಅವಳು ಲೇಔಟಿನ ವಾಟ್ಸ್‌ಆಪ್ ಗುಂಪಿನಲ್ಲಿ ಮೋರಿಯ ಫೋಟೋ ಹಾಕಿದಳು. ಐದನೇ ಕ್ರಾಸಿನವರೊಬ್ಬರು ಹೆಬ್ಬೆರಳು ಎತ್ತಿದರು. ಇನ್ನೊಬ್ಬರು ಕೈ ಮುಗಿದರು. ಮತ್ತೊಬ್ಬರು ಸೂರ್ಯೋದಯದ ಚಿತ್ರ ಹಾಕಿ ಶುಭೋದಯ ಹೇಳಿದರು. ಗುಂಪಿನ ಅಡ್ಮಿನ್ ಶ್ರೀನಾಥ್ ವಿಮಾನ ಕಾರ್ಖಾನೆಯಿಂದ ನಿವೃತ್ತರಾದವರು, ಶಿಸ್ತಿನ ಮನುಷ್ಯ. "ಸದಸ್ಯರ ಗಮನಕ್ಕೆ. ಇದು ರಾಜಕೀಯೇತರ ಗುಂಪು. ದಯವಿಟ್ಟು ಸಕಾರಾತ್ಮಕ ಸಂದೇಶಗಳನ್ನು ಮಾತ್ರ ಹಾಕಿ," ಎಂದು ಬರೆದರು.

"ಮೋರಿ ಹೆಂಗೆ ಸಕಾರಾತ್ಮಕ ಆಗುತ್ತೆ ಹೇಳು," ಎಂದು ಪ್ರತಿಭಾ ಸಂಜೆ ಸಾಬಿರಾಳ ಮುಂದೆ ಹಲ್ಲು ಕಡಿದಳು.

ಸಾಬಿರಾ ಹುಟ್ಟಿದ್ದು ಬೆಳೆದದ್ದು ಶಿವಾಜಿನಗರದಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು, ಅದೇ ಕ್ರಾಸಿನಲ್ಲಿ ಮನೆಯ ಕೆಳಗೇ ಟೈಲರಿಂಗ್ ಅಂಗಡಿ ಇಟ್ಟಿದ್ದಳು. "ಅರೇ, ನನ್ ಕಸ್ಟಮರ್ಸ್ ಕಥೆ ಕೇಳು. ಹಲಗೆ ಮೇಲೆ ಸರ್ಕಸ್ ಮಾಡ್ಕೊಂಡ್ ಬರ್ಬೇಕು. ಬ್ಲೌಸ್ ಹೊಲಿಸೋಕೆ ಬಂದೋರು ಕಾಲು ಹೊಲಿಸ್ಕೊಂಡ್ ಹೋಗ್ಬೇಕಾ? ನಡಿ, ನಾನೂ ಬರ್ತೀನಿ. ಎಲ್ಲಿಗ್ ಹೋಗ್ಬೇಕೋ ಹೇಳು."

ವಾರ್ಡಿನ ಜನರನ್ನು ಕರೆದು ತಿಂಗಳಿಗೊಂದು ಸಭೆ ಮಾಡಬೇಕು, ಕೆಲಸದ ಖರ್ಚುವೆಚ್ಚ ಅವರ ಮುಂದಿಡಬೇಕು ಎಂದು ನಿಯಮವೇ ಇತ್ತು. ಇಬ್ಬರೂ ಆ ಸಭೆಯ ಬೆನ್ನು ಹತ್ತಿದರು. ಜೋನಲ್ ಕಚೇರಿಗೆ ಹೋದರು. ಅಲ್ಲಿಂದ ವಾರ್ಡಿಗೆ ಹೋಗಿ ಎಂದರು. ವಾರ್ಡಿನವರು ಜೋನಿನಿಂದ ಆದೇಶ ಬರಲಿ ಎಂದರು. ಆದೇಶ ಬಂದ ಮೇಲೆ ಸಭಾಂಗಣದ ಬೀಗದ ಕೈ ಸಿಗಲಿಲ್ಲ. ಬೀಗದ ಕೈ ಸಿಕ್ಕಿದ ವಾರ ಅಧಿಕಾರಿ ರಜೆ. ಸಾಬಿರಾ ಒಂದು ದಿನ ಜೋನಲ್ ಕಚೇರಿಯ ಬೆಂಚಿನ ಮೇಲೆ ಕೂತು ಒಂದು ಇಡೀ ಚೂಡಿದಾರದ ಕುತ್ತಿಗೆ ಪಟ್ಟಿಗೆ ಕೈಹೊಲಿಗೆ ಮುಗಿಸಿದಳು. ಕೊನೆಗೆ ಸಭೆ ಕರೆದರು. ಒಲ್ಲದ ಮನಸ್ಸಿನಿಂದ ಅಲ್ಲ, ಬಲು ಸಡಗರದಿಂದ ಕರೆದರು. ಆಗಲೇ ಪ್ರತಿಭಾಗೆ ಅನುಮಾನ ಬರಬೇಕಿತ್ತು.

ಸಭಾಂಗಣದ ವೇದಿಕೆಯ ಮೇಲೆ ಹೂವಿನ ಅಲಂಕಾರ. ನಡುವಿನ ದೊಡ್ಡ ಕುರ್ಚಿಯಲ್ಲಿ ಮಾಜಿ ಕಾರ್ಪೊರೇಟರ್ ಪಿಳ್ಳಪ್ಪ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಕೂತಿದ್ದರು. ಅವರ ಎಡಕ್ಕೆ ಮುತ್ತಣ್ಣ. ಪಿಳ್ಳಪ್ಪನವರಿಗೆ ಈಗ ಯಾವ ಹುದ್ದೆಯೂ ಇರಲಿಲ್ಲ. ಆದರೂ ಕಚೇರಿಯವರು ಅವರನ್ನು ಕೇಳದೆ ಒಂದು ಬಲ್ಬು ಬದಲಾಯಿಸುತ್ತಿರಲಿಲ್ಲ. ಪ್ರತಿಭಾ ಮುಂದಿನ ಸಾಲಿನಲ್ಲಿ ತನ್ನ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿರುವಾಗಲೇ ಮೈಕಿನಲ್ಲಿ ಅವಳ ಹೆಸರು ಕೇಳಿಸಿತು.

"ಈಗ ನಮ್ಮ ವಾರ್ಡಿನ ಹೆಮ್ಮೆಯ ಜಾಗೃತ ನಾಗರಿಕರಾದ ಶ್ರೀಮತಿ ಪ್ರತಿಭಾ ಪ್ರಭುಲಿಂಗ ಅವರಿಗೆ ಸನ್ಮಾನ!"

ಯಾರೋ ತೋಳು ಹಿಡಿದು ವೇದಿಕೆ ಹತ್ತಿಸಿದರು. ಅವಳು "ಒಂದ್ ನಿಮಿಷ, ನಾನು ಕೇಳ್ಬೇಕಾಗಿರೋದು..." ಎನ್ನುವಷ್ಟರಲ್ಲಿ ಹೆಗಲಿಗೆ ಶಾಲು ಬಿತ್ತು. "ನನ್ ಪ್ರಶ್ನೆ ಏನಂದ್ರೆ..." ಎನ್ನುವಷ್ಟರಲ್ಲಿ ತಲೆಯ ಮೇಲೆ ಮೈಸೂರು ಪೇಟ ಕೂತು, ಕಣ್ಣಿನವರೆಗೂ ಇಳಿಯಿತು. ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ದೊಡ್ಡ ಹಣ್ಣಿನ ಬುಟ್ಟಿ ಕೊಟ್ಟರು. ಮೈಕು ಹಿಡಿಯಲು ಮೂರನೆಯ ಕೈ ಅವಳಿಗಿರಲಿಲ್ಲ. ಫೋಟೋದವರು "ಇಲ್ಲಿ ನೋಡಿ ಮೇಡಂ, ಸ್ಮೈಲ್," ಎಂದರು. ಕೆಳಗೆ ಶ್ರೀನಾಥ್ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಬುಟ್ಟಿಯನ್ನು ನೆಲಕ್ಕಿಟ್ಟು, ಪೇಟವನ್ನು ಹಿಂದಕ್ಕೆ ತಳ್ಳಿ, ಅವಳು ಮೈಕಿನ ಹತ್ತಿರ ಬರುವಾಗ ಮುತ್ತಣ್ಣ ಅದರಲ್ಲಿ ಹೇಳುತ್ತಿದ್ದರು: "ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಮುಂದಿನ ಸಭೆಯಲ್ಲಿ ಇಟ್ಟುಕೊಳ್ಳೋಣ. ಹೊರಗಡೆ ಉಪಾಹಾರ ಇದೆ." ಖಾರಾಬಾತು ಕೇಸರಿಬಾತಿನ ವಾಸನೆಗೆ ಸಭೆ ಸಭೆಯೇ ಎದ್ದು ಬಾಗಿಲಿಗೆ ನುಗ್ಗಿತು. ಸಾಬಿರಾ ಒಬ್ಬಳೇ ಖಾಲಿ ಕುರ್ಚಿಗಳ ನಡುವೆ ನಿಂತು, "ಅರೇ ಕೂತ್ಕೊಳ್ರೀ! ಮೋರಿ ವಿಷ್ಯ ಇನ್ನೂ ಶುರುನೇ ಆಗಿಲ್ಲ!" ಎಂದು ಕೂಗುತ್ತಿದ್ದಳು.

ಮೂರ್ನಾಲ್ಕು ದಿನ ಕಳೆದು ಮಾರ್ಕೆಟ್ ರಸ್ತೆಯಲ್ಲಿ ಪಿಳ್ಳಪ್ಪನವರ ಹುಟ್ಟುಹಬ್ಬದ ಫ್ಲೆಕ್ಸ್ ಎದ್ದಿತು. ಆಳೆತ್ತರದ ಪಿಳ್ಳಪ್ಪ ನಡುವೆ ನಗುತ್ತಿದ್ದರು. ಕೆಳಗೆ ಶುಭ ಕೋರುವವರ ಸಾಲಿನಲ್ಲಿ, ಪೇಟ ಧರಿಸಿ ಕಣ್ಣು ಅರ್ಧ ಮುಚ್ಚಿಕೊಂಡ ಪ್ರತಿಭಾ. ಹೂವಿನವಳು ಅವಳನ್ನು ಗುರುತಿಸಿ, "ಎಲೆಕ್ಷನ್‌ಗೆ ನಿಲ್ತೀರಂತಲ್ಲ ಮೇಡಂ," ಎಂದಳು. ತರಕಾರಿಯವನೂ ಅದನ್ನೇ ಕೇಳಿದ. ಮನೆಗೆ ಬಂದರೆ ಪ್ರಭುಲಿಂಗ ಮೊಬೈಲಿನಲ್ಲಿ ಅದೇ ಫೋಟೋ ನೋಡುತ್ತಾ, "ಪೇಟಾ ಛಲೋ ಒಪ್ಪೇತಿ ನಿನಗ," ಎಂದ. ಅವಳು ಮೊಬೈಲನ್ನು ಅವನ ಕೈಯಿಂದ ಕಿತ್ತು ಮಗುಚಿಟ್ಟಳು.

ಮರುದಿನವೇ ಅವಳು ಕಮಿಷನರರಿಗೆ ದೂರು ಕಳಿಸಿ, ಅದನ್ನೇ ಲೇಔಟಿನ ಗುಂಪಿನಲ್ಲೂ ಹಾಕಿದಳು. ತನ್ನನ್ನು ಕೇಳದೆ ಹಾಕಿದ ಫೋಟೋ ತೆಗೆಯಬೇಕು. ಯಾವ ಹುದ್ದೆಯೂ ಇಲ್ಲದವರು ಸರ್ಕಾರಿ ಸಭೆಯ ವೇದಿಕೆಯಲ್ಲಿ ಏಕೆ ಕೂರುತ್ತಾರೆ? ಇನ್ನೊಂದು ಮಾತು: ಕ್ರಾಸಿನ ತಗ್ಗಿಗೆ ಬರುವ ನೀರಿನ ಟ್ಯಾಂಕರಿನ ಬಾಡಿಗೆ ಹೋಗುವುದು ವಾರ್ಡಿನ ಹಣದಿಂದ, ಅದೂ ವೆಬ್‌ಸೈಟಿನಲ್ಲೇ ಇದೆ. ಹಾಗಿದ್ದಮೇಲೆ ಟ್ಯಾಂಕರಿನ ಮೇಲೆ ಪಿಳ್ಳಪ್ಪನವರ ಫೋಟೋ ಹಾಕಿ 'ಉಚಿತ ಸೇವೆ' ಎಂದು ಬರೆದಿರುವುದು ಯಾವ ಲೆಕ್ಕದಲ್ಲಿ?

ಶ್ರೀನಾಥ್ ಅವಳನ್ನು ಗುಂಪಿನಿಂದ ತೆಗೆದರು. ಫ್ಲೆಕ್ಸ್ ಅಲ್ಲೇ ಉಳಿಯಿತು. ಟ್ಯಾಂಕರ್ ನಿಂತಿತು.

ಟ್ಯಾಂಕರ್ ನಿಂತದ್ದು ಪ್ರತಿಭಾಗೆ ಗೊತ್ತಾದದ್ದು ಲಕ್ಷ್ಮಿದೇವಿಯಿಂದ. ಆರನೇ ಕ್ರಾಸಿನ ತಗ್ಗಿನ ತುದಿಯಲ್ಲಿ ಶೀಟು ಹೊದಿಸಿದ ಬಾಡಿಗೆ ಕೋಣೆಗಳ ಸಾಲೊಂದಿತ್ತು. ಯಾದಗಿರಿ, ರಾಯಚೂರು ಕಡೆಯಿಂದ ಬಂದ ಸಂಸಾರಗಳು. ಗಂಡಸರು ಕಟ್ಟಡದ ಕೆಲಸಕ್ಕೆ, ಹೆಂಗಸರು ಮಹದೇವಪುರದ ಅಪಾರ್ಟ್‌ಮೆಂಟುಗಳ ಹೌಸ್‌ಕೀಪಿಂಗಿಗೆ ಹೋಗುತ್ತಿದ್ದರು. ಮೇಲಿನ ಮನೆಗಳ ಕೊಳಚೆಯೆಲ್ಲ ಇಳಿದು ಅವರ ಬಾಗಿಲಲ್ಲಿ ನಿಲ್ಲುತ್ತಿತ್ತು. ಕುಡಿಯುವ ನೀರಿಗೆ ಆ ಟ್ಯಾಂಕರೇ ಗತಿ. ಅಲ್ಲಿನ ಲಕ್ಷ್ಮಿದೇವಿ ಒಂದು ಬೆಳಿಗ್ಗೆ ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡೇ ಬಂದು ಗೇಟು ಬಡಿದಳು.

"ಅಕ್ಕಾರ, ನೀವೇನ್ರಿ ಲೆಕ್ಕ ಕೇಳಾಕಿ?"

"ಹೌದು. ಏನಾಯ್ತು?"

"ಟ್ಯಾಂಕರ್ ನಿಂದ್ರಿಸ್ಯಾರ್ರಿ. ಆ ಮೇಡಂ ಲೆಕ್ಕ ಕೇಳ್ಯಾಳ, ಲೆಕ್ಕ ಆಗೋತನ ನೀರಿಲ್ಲ ಅಂತ ಡ್ರೈವರ್ ಅಂದ. ನಿಮಗ ಬೋರ್ ಅದ, ನಲ್ಲಿ ಅದ. ನಮಗೇನದ? ಕೆಲಸಕ್ಕ ಹೋಗೂದು ಬಿಟ್ಟು ಎರಡನೇ ಕ್ರಾಸಿನಿಂದ ನೀರು ಹೊರಾಕತ್ತೀವಿ. ನಿಮ್ಮ ಲೆಕ್ಕ ನೀವು ಇಟ್ಕೋರಿ, ನಮ್ಮ ನೀರು ನಮಗ ಕೊಡಸ್ರಿ."

ಪ್ರತಿಭಾಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮೊದಲು ಪೈಪು ಎಳೆದು ಅವಳ ಕೊಡ ತುಂಬಿಸಿದಳು. ಆಮೇಲೆ ಹೆಸರು ಕೇಳಿ ತಿಳಿದುಕೊಂಡು, ತಗ್ಗಿದ ದನಿಯಲ್ಲಿ, "ನೋಡು ಲಕ್ಷ್ಮಿದೇವಿ, ಆ ನೀರು ಪಿಳ್ಳಪ್ಪನವರ ಮನಿದಲ್ಲ. ಸರ್ಕಾರದ ರೊಕ್ಕದ್ದು. ಜನರ ರೊಕ್ಕದ್ದು. ನಿಂದೂ ನಂದೂ," ಎಂದಳು.

"ಯಾರದರೆ ಇರ್ಲಿ. ಬರ್ತಿತ್ತು, ಈಗ ಬರವಲ್ದು," ಎಂದು ಲಕ್ಷ್ಮಿದೇವಿ ಕೊಡ ಎತ್ತಿಕೊಂಡಳು. ಹಲಗೆ ದಾಟುವಾಗ ತಿರುಗಿ ನಿಂತು, "ಜನರ ರೊಕ್ಕ ಅಂದ್ರ, ಇದನ್ನ ನನ್ನ ಕಿವ್ಯಾಗ ಯಾಕ ಹೇಳ್ತೀರಿ?" ಎಂದು ಕೇಳಿ ಹೋದಳು.

ಅಂದು ಪ್ರತಿಭಾ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಪಿಳ್ಳಪ್ಪನವರ ಮನೆಗೆ ಹೋದಳು. ಯಾರ ಮುಂದೆ ಹೋಗಿ ನಿಲ್ಲಬಾರದು ಎಂದುಕೊಂಡಿದ್ದಳೋ ಅವರ ಮುಂದೆಯೇ ನಿಲ್ಲಬೇಕಾಯಿತಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಶಪಿಸಿಕೊಂಡಳು. ಪಿಳ್ಳಪ್ಪ ಎದ್ದು ನಿಂತು ಬರಮಾಡಿಕೊಂಡರು. ಕಾಫಿ ತರಿಸಿದರು.

"ನಮ್ ಮನೆ ಮಗಳಿದ್ದಂಗೆ ನೀನು. ಕೋಪ ಮಾಡ್ಕೋಬಾರ್ದಮ್ಮಾ."

"ಟ್ಯಾಂಕರ್ ಯಾಕೆ ನಿಲ್ಸಿದೀರಿ ಸಾರ್?"

"ನಾನೆಲ್ಲಿ ನಿಲ್ಸಿದೀನಿ? ನನ್ ಕೈಲಿ ಏನಮ್ಮಾ ಐತೆ, ನಾನು ಮಾಜಿ. ಹುಡುಗ್ರು ಬೇಜಾರ್ ಮಾಡ್ಕೊಂಡವ್ರೆ, ಅಷ್ಟೆ. ಅದಿರ್ಲಿ. ಎಲೆಕ್ಷನ್ ಇವತ್ತೋ ನಾಳೆನೋ ಬಂದೇ ಬರ್ತದೆ. ನಮ್ ವಾರ್ಡು ಲೇಡೀಸ್‌ಗೆ ಬೀಳ್ಬೋದು ಅಂತವ್ರೆ. ನಿನ್ನಂಥ ಓದಿರೋರು ಬೇಕು. ನಾನು ಮಾತಾಡ್ಲಾ ಮೇಲೆ?"

"ನನಗೆ ಟಿಕೆಟ್ ಬೇಡ ಸಾರ್. ಬಡವರ ಮನೆಗೆ ನೀರು ಬೇಕು, ಮೋರಿಗೆ ಚಪ್ಪಡಿ ಬೇಕು."

ಪಿಳ್ಳಪ್ಪ ಅವಳನ್ನು ನಿಜವಾದ ಆಶ್ಚರ್ಯದಿಂದ ನೋಡಿದರು. "ಮತ್ತೆ ಇಷ್ಟೆಲ್ಲ ಯಾಕೆ ಮಾಡ್ತಿದೀಯಮ್ಮಾ?" ಎಂದರು. ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಅವರಿಗೆ ಅರ್ಥವೇ ಆಗಿರಲಿಲ್ಲ. ಪ್ರತಿಭಾಗೆ ಅಳು ಬರುವಷ್ಟು ಬೇಸರವಾದದ್ದು ಆಗಲೇ. ಕಾಫಿ ಮುಟ್ಟದೆ ಎದ್ದು ಬಂದಳು.

ಆ ವಾರದ ಕೊನೆಗೆ ಅವಳು ಆಫೀಸಿಗೆಂದು ಹೊರಟು ಬಸ್ಸಿನಲ್ಲಿ ಕೂತಿದ್ದಳು. ಮಾರ್ಕೆಟ್ ರಸ್ತೆಯಲ್ಲಿ ಬಸ್ಸು ನಿಂತುಬಿಟ್ಟಿತು. ಹಿಂದೆ ಮುಂದೆ ಹಾರನ್ನುಗಳ ಗದ್ದಲ. ಕಂಡಕ್ಟರ್ ಇಳಿದು ನೋಡಿ ಬಂದು, "ಕೊಡ ಇಟ್ಕೊಂಡು ಕೂತ್ಬಿಟ್ಟವ್ರೆ ಕಣ್ರೀ, ಈಗ ಹೋಗಲ್ಲ ಇದು," ಎಂದ. ಪ್ರತಿಭಾ ಕಿಟಕಿಯಿಂದ ಬಗ್ಗಿ ನೋಡಿದಳು. ರಸ್ತೆಯ ಅಡ್ಡಕ್ಕೆ ಬಣ್ಣ ಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು, ಅದರ ಹಿಂದೆ ಕೋಣೆಗಳ ಹೆಂಗಸರು. ನಡುವೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಲಕ್ಷ್ಮಿದೇವಿ ಕೂತಿದ್ದಳು.

ಇಳಿಯುವುದೋ ಬೇಡವೋ ಎಂದು ಅವಳು ಯೋಚಿಸಿದಳು. ಅರ್ಜಿ ಬರೆಯುವುದು ಬೇರೆ, ರಸ್ತೆಯಲ್ಲಿ ಕೂರುವುದು ಬೇರೆ. ಆಫೀಸಿನವರು ಯಾರಾದರೂ ನೋಡಿದರೆ? ಪೊಲೀಸರು ಹೆಸರು ಬರೆದುಕೊಂಡರೆ? ಆದರೆ ಲಕ್ಷ್ಮಿದೇವಿ ಅವಳನ್ನು ಆಗಲೇ ಕಂಡಾಗಿತ್ತು.

"ಅಕ್ಕಾರ! ಅವತ್ತ ನನ್ನ ಕಿವ್ಯಾಗ ಹೇಳಿದ್ರಲ್ಲ, ಅದನ್ನ ಇಲ್ಲಿ ಬಂದು ಹೇಳ್ರಿ!"

ಪ್ರತಿಭಾ ಇಳಿದಳು. ಅಷ್ಟರಲ್ಲಿ ಪೊಲೀಸ್ ಜೀಪು ಬಂದಿತ್ತು. ಸ್ಕೂಟರಿನಲ್ಲಿ ಮುತ್ತಣ್ಣ ಬಂದರು. ಹಿಂದೆಯೇ ಬಿಳಿ ಕಾರಿನಲ್ಲಿ ಪಿಳ್ಳಪ್ಪ. ಸಬ್ ಇನ್‌ಸ್ಪೆಕ್ಟರ್ ಬೆವರು ಒರೆಸಿಕೊಳ್ಳುತ್ತಾ, "ಯಾರ್ರೀ ಇದಕ್ಕೆ ಲೀಡರ್ರು?" ಎಂದು ಕೇಳಿದ. ಹೆಂಗಸರು ಕೊಡಗಳನ್ನು ಇನ್ನಷ್ಟು ಒತ್ತಾಗಿ ಜೋಡಿಸಿದರು. ಪ್ರತಿಭಾ ಬಾಯಿ ತೆರೆದಳು. ಮಾತು ಹಾರನ್ನುಗಳ ಗದ್ದಲದಲ್ಲಿ ಮುಳುಗಿತು. ಹಿಂದಿನ ಆಟೋದವನು "ಜೋರಾಗಿ ಹೇಳಮ್ಮಾ!" ಎಂದು ಕೂಗಿದ.

"ಈ ಟ್ಯಾಂಕರ್ ನೀರಿಗೆ ದುಡ್ಡು ಕೊಡ್ತಿರೋದು ಪಿಳ್ಳಪ್ಪನೋರಲ್ಲ," ಎಂದಳು ಅವಳು, ಈ ಸಲ ಜೋರಾಗಿಯೇ. "ವಾರ್ಡ್ ಆಫೀಸು ಕೊಡ್ತಿದೆ. ನಾವು ಕಟ್ಟೋ ತೆರಿಗೇಲಿ ಕೊಡ್ತಿದೆ. ಇಲ್ಲ ಅಂತ ಇಂಜಿನಿಯರ್ ಸಾಹೇಬ್ರು ಇಲ್ಲೇ ಹೇಳಿಬಿಡ್ಲಿ, ನಾನು ಮನೆಗೆ ಹೋಗ್ತೀನಿ. ಹೇಳಿ ಸರ್. ಬಿಲ್ ಯಾರ ಹೆಸರಲ್ಲಾಗುತ್ತೆ?"

ಎಲ್ಲರೂ ಮುತ್ತಣ್ಣನವರ ಕಡೆ ತಿರುಗಿದರು. ಅವರು ಪಿಳ್ಳಪ್ಪನವರನ್ನು ನೋಡಿದರು. ಪಿಳ್ಳಪ್ಪ ಕಾರಿನ ಬಾಗಿಲಿನ ಹಿಡಿಯನ್ನು ನೋಡಿದರು.

"ವಾರ್ಡ್ ಗ್ರಾಂಟಲ್ಲೇ ಆಗೋದು ಮೇಡಂ," ಎಂದು ಮುತ್ತಣ್ಣ ಗೊಣಗಿದರು.

"ಕೇಳಸವಲ್ದು!" ಎಂದಳು ಲಕ್ಷ್ಮಿದೇವಿ.

"ವಾರ್ಡ್ ಗ್ರಾಂಟಲ್ಲಮ್ಮಾ! ಸರ್ಕಾರಿ ದುಡ್ಡಲ್ಲಿ!"

ಹೆಂಗಸರ ನಡುವೆ ಗುಜುಗುಜು ಎದ್ದಿತು. ಹಿರಿಯಳಾದ ಅಯ್ಯಮ್ಮ ಎಂಬಾಕೆ, "ಹಂಗಾದ್ರ ಇಷ್ಟು ದಿನ ಆ ಸಾವಕಾರಗ ಯಾಕ ಕೈ ಮುಗಿದ್ವಿ?" ಎಂದು ಪಕ್ಕದವಳನ್ನು ಕೇಳಿದಳು. ಕಾರು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಅಂದು ಮಧ್ಯಾಹ್ನವೇ ಟ್ಯಾಂಕರ್ ಬಂತು. ಫೋಟೋ ಇದ್ದ ಜಾಗಕ್ಕೆ ಅವಸರದಲ್ಲಿ ನೀಲಿ ಬಣ್ಣ ಬಳಿದಿದ್ದರು. ಬಣ್ಣದಡಿಯಿಂದ ಪಿಳ್ಳಪ್ಪನವರ ಮೀಸೆ ಇನ್ನೂ ಕಾಣುತ್ತಿತ್ತು.

ಚಪ್ಪಡಿಯನ್ನೂ ಹಾಕಿಸುತ್ತೇವೆಂದು ಮುತ್ತಣ್ಣ ರಸ್ತೆಯಲ್ಲೇ ಮಾತು ಕೊಟ್ಟಿದ್ದರು. ಕೊಟ್ಟ ಮಾತಿನಂತೆ ಒಂದು ಭಾನುವಾರ ಬೆಳಿಗ್ಗೆ ಲಾರಿಯೂ ಬಂತು. ಸದ್ದು ಕೇಳಿ ಪ್ರತಿಭಾ ದೋಸೆ ಕಾವಲಿ ಇಳಿಸಿ ಓಡಿ ಬಂದಳು. ನಾಲ್ಕಾರು ಆಳುಗಳು ಅವಳ ಗೇಟಿನ ಮುಂದೆ ಕಾಂಕ್ರೀಟ್ ಚಪ್ಪಡಿ ಇಳಿಸುತ್ತಿದ್ದರು. ಅವಳಿಗೆ ನಂಬಲಾಗಲಿಲ್ಲ. ನಗುತ್ತಾ ಮೇಸ್ತ್ರಿಯನ್ನು, "ಆ ತುದಿಯಿಂದ ಶುರು ಮಾಡಲ್ವಾ?" ಎಂದು ಕೇಳಿದಳು.

"ಆ ತುದಿ ಇಲ್ಲ ಮೇಡಂ. ನಿಮ್ಮನೆ ಮುಂದೆ ಮಾತ್ರ."

"ಮಾತ್ರ ಅಂದ್ರೆ?"

"ಮನೆ ನಂಬರ್ ಹೇಳಿ ಕಳ್ಸವ್ರೆ ಮೇಡಂ. ಇಷ್ಟೇ ಲೋಡು. ಕಂಪ್ಲೇಂಟ್ ಮೇಡಂ ಮನೆ ಅಂತ."

ಪ್ರತಿಭಾಳ ನಗು ಮುಖದಲ್ಲೇ ಒಣಗಿತು. ಎದುರು ಮನೆಯ ಬಾಲ್ಕನಿಯಿಂದ ಶ್ರೀನಾಥ್ ಕೈ ಬೀಸಿ, "ಕಂಗ್ರಾಟ್ಸ್ ಮೇಡಂ! ನಿಮ್ಮ ಕೆಲಸ ಆಯ್ತಲ್ಲ!" ಎಂದರು. ಅವರ ಮಾತಿನಲ್ಲಿ ಹೊಟ್ಟೆಕಿಚ್ಚಿತ್ತೋ ಸಂತೋಷವಿತ್ತೋ, ಅವಳಿಗೆ ನೋಡುವ ವ್ಯವಧಾನವಿರಲಿಲ್ಲ. ಫೋನ್ ತೆಗೆದು ಮುತ್ತಣ್ಣನವರಿಗೆ ಮಾಡಿದಳು. ಆಶ್ಚರ್ಯವೆಂದರೆ ಮೊದಲ ರಿಂಗಿಗೇ ಎತ್ತಿದರು.

"ಮೇಡಂ, ಖುಷಿನಾ? ನಿಮಗೋಸ್ಕರ ಬೇರೆ ಕಡೆ ಕೆಲ್ಸದಿಂದ ಅಡ್ಜಸ್ಟ್ ಮಾಡ್ಸಿದೀನಿ."

"ಸರ್, ನಾನು ನನ್ನ ಮನೆಗೆ ಅಂತ ಕೇಳಿದ್ನಾ? ಬಿಲ್ ಆಗಿರೋದು ಇಡೀ ಕ್ರಾಸಿಗೆ."

"ಅಲ್ಲ ಮೇಡಂ, ಮಾಡ್ಸದಿದ್ರೂ ಬೈತೀರಾ, ಮಾಡ್ಸಿದ್ರೂ ಬೈತೀರಾ. ನಾವೇನ್ ಸಾಯೋದಾ?"

ಅವಳು ಫೋನ್ ಇಟ್ಟು ಹಲಗೆಯ ಮೇಲೆ ನಿಂತಳು. ಅತ್ತೆ ಶರಣವ್ವ ಬಾಗಿಲಿಗೆ ಬಂದಿದ್ದರು. ಪ್ಲಾಸ್ಟರ್ ಬಿಚ್ಚಿದ್ದರೂ ಕೈ ಇನ್ನೂ ಸರಿಯಾಗಿ ಮಡಚಲು ಬರುತ್ತಿರಲಿಲ್ಲ. ಅವರ ಮುಖ ನೋಡಿ ಪ್ರತಿಭಾಗೆ ಮನಸ್ಸು ಒಂದು ಗಳಿಗೆ ಡೋಲಾಯಮಾನವಾಯಿತು. ಬಿದ್ದದ್ದು ಅವರು. ಇಷ್ಟೆಲ್ಲ ಶುರುವಾದದ್ದೂ ಅವರಿಂದ. ಸುಮ್ಮನೆ ಹಾಕಿಸಿಕೊಂಡುಬಿಟ್ಟರೆ ತಪ್ಪೇನು? ಆದರೆ ಹಾಕಿಸಿಕೊಂಡರೆ ನಾಳೆಯಿಂದ ಅವಳು ಆ ಕಚೇರಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ಅದು ಮುತ್ತಣ್ಣನಿಗೂ ಗೊತ್ತು, ಅದಕ್ಕೇ ಕಳಿಸಿದ್ದು.

"ಅತ್ತೀ, ಇವನ್ನ ಇಲ್ಲಿ ಹಾಕಸೂದು ಬ್ಯಾಡ ಅನ್ನಸ್ತೈತಿ."

"ಮತ್ತ?"

"ತಗ್ಗಿನ ಮನಿಗಳ ಮುಂದ. ಅಲ್ಲೆ ಹುಡುಗರು ಅಡ್ಯಾಡ್ತಾವು."

ಶರಣವ್ವ ಮೋರಿಯನ್ನೂ ಚಪ್ಪಡಿಗಳನ್ನೂ ನೋಡಿ ನಿಟ್ಟುಸಿರು ಬಿಟ್ಟರು. "ನನ್ನ ಕೈ ಮುರದದ್ದಕ್ಕ ಇಡೀ ಊರ ಮೋರಿ ಮುಚ್ಚಸಾಕ ಹೊಂಟೀಯಲ್ಲ ನೀ. ಆತು, ಹಾಕಸು. ಆದ್ರ ನಾ ಇನ್ನ ಮನಿ ಬಿಟ್ಟು ಹೊರಗ ಬರೂದಿಲ್ಲ, ಮೊದ್ಲ ಹೇಳ್ತೀನಿ," ಎಂದು ಒಳಗೆ ಹೋದರು. ಅವರಿಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಬಹಳ ದಿನ ಇಳಿಯಲಿಲ್ಲ.

ಮೇಸ್ತ್ರಿ ಒಪ್ಪಲಿಲ್ಲ. ಆರ್ಡರ್ ಹೀಗಿದೆ ಎಂದ. ಸಾಬಿರಾ ಅಂಗಡಿಯಿಂದ ಇಳಿದು ಬಂದು ಲಾರಿಯ ಮುಂದೆ ನಿಂತಳು. "ಭಾಯ್, ಈ ಮೇಡಂಗೇ ಬೇಡ ಅಂತೆ. ಬೇಡ ಅಂದೋರ ಮನೆ ಮುಂದೆ ಹಾಕಿ ಹೋದ್ರೆ ನಾಳೆ ಯಾರನ್ನ ಕೇಳ್ತಾರೆ? ನಿನ್ನನ್ನ!" ಎಂದಳು. ಮೇಸ್ತ್ರಿಗೂ ತಲೆ ಕೆಟ್ಟಿತ್ತು. ಎಲ್ಲಾದರೂ ಇಳಿಸಿ ಮನೆಗೆ ಹೋದರೆ ಸಾಕಾಗಿತ್ತು. ಲಾರಿ ಇಳಿಜಾರಿನಲ್ಲಿ ಕೆಳಗಿಳಿಯಿತು. ತಗ್ಗಿನ ಕೋಣೆಗಳ ಮುಂದೆ ಚಪ್ಪಡಿ ಬೀಳುವುದನ್ನು ಲಕ್ಷ್ಮಿದೇವಿ ಬಾಗಿಲಲ್ಲಿ ನಿಂತು ನೋಡಿದಳು. ಧನ್ಯವಾದ ಹೇಳಲಿಲ್ಲ. "ಉಳದಿದ್ದು ಯಾವಾಗ್ರಿ?" ಎಂದು ಕೇಳಿದಳು. ಪ್ರತಿಭಾಗೆ ಎಷ್ಟೋ ದಿನಗಳ ಮೇಲೆ ಯಾರೋ ಸರಿಯಾದ ಪ್ರಶ್ನೆ ಕೇಳಿದಂತೆ ಅನಿಸಿತು.

ಉಳಿದದ್ದಕ್ಕಾಗಿ ಮುಂದಿನ ವಾರ್ಡ್ ಸಭೆಯನ್ನು ಕ್ರಾಸಿನಲ್ಲೇ ಮಾಡಬೇಕೆಂದು ಪ್ರತಿಭಾ, ಸಾಬಿರಾ, ತಗ್ಗಿನ ಹೆಂಗಸರು ಸೇರಿ ಪಟ್ಟು ಹಿಡಿದರು. ಸಭಾಂಗಣಕ್ಕೆ ಬರುವುದಿಲ್ಲ, ಶಾಲು ಬೇಡ, ಖಾರಾಬಾತು ಬೇಡ. ಕೊಡಗಳ ನೆನಪು ಇನ್ನೂ ಹಸಿಯಾಗಿದ್ದುದರಿಂದ ಕಚೇರಿಯವರು ಒಪ್ಪಿದರು. ಸಾಬಿರಾಳ ಅಂಗಡಿಯ ಮುಂದೆ, ತೆರೆದ ಮೋರಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಮುತ್ತಣ್ಣ ಮೂಗಿಗೆ ಕರ್ಚೀಫು ಹಿಡಿದು ಕೂತು, ಯಾವ ಕೆಲಸಕ್ಕೆ ಎಷ್ಟು ಬಿಲ್ಲಾಗಿದೆ ಎಂದು ಓದಿದರು. ಓದಿದ ಚಪ್ಪಡಿಯೊಂದೂ ಅವರ ಕಾಲ ಬುಡದ ಮೋರಿಯ ಮೇಲೆ ಇಲ್ಲದಿರುವುದು ಎಲ್ಲರಿಗೂ ಕಾಣುತ್ತಿತ್ತು. ಬಾಲ್ಕನಿಯಿಂದ ನೋಡುತ್ತಿದ್ದ ಶ್ರೀನಾಥ್ ಕೂಡ ಕೆಳಗಿಳಿದು ಬಂದು, ಬಹಳ ಶಿಸ್ತಿನಿಂದ ಕೈಯೆತ್ತಿ, ಇಂಗ್ಲಿಷಿನಲ್ಲಿ ಕೋಪ ಮಾಡಿಕೊಂಡರು.

ಕಂಟ್ರಾಕ್ಟರಿಗೆ ನೋಟೀಸು ಹೋಯಿತೆಂದರು. ನಿಜವಾಗಿ ಹೋಯಿತೋ ಇಲ್ಲವೋ, ಆಳುಗಳಂತೂ ಬಂದರು. ತಗ್ಗಿನಿಂದ ಮೇಲಕ್ಕೆ ಚಪ್ಪಡಿ ಹಾಕುತ್ತಾ ಬಂದು, ಸಾಬಿರಾಳ ಅಂಗಡಿ ದಾಟಿ, ಪ್ರತಿಭಾಳ ಮನೆಯ ಕಾಂಪೌಂಡು ಶುರುವಾಗುವಲ್ಲಿಗೆ ಸರಿಯಾಗಿ ನಿಲ್ಲಿಸಿದರು. ಅಲ್ಲಿಂದಾಚೆಗೆ ಎರಡನೆಯ ಹಂತವಂತೆ. ಪ್ರಭುಲಿಂಗ ಹೊರಗೆ ಬಂದು ಅದನ್ನು ನೋಡಿ ನಕ್ಕೇ ನಕ್ಕ. ಪ್ರತಿಭಾಗೆ ನಗು ಬರಲಿಲ್ಲ. ಒಳಗೆ ಹೋಗಿ ಮತ್ತೊಂದು ಅರ್ಜಿ ಬರೆಯಲು ಕೂತಳು.

ಚುನಾವಣೆಯ ದಿನಾಂಕ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಪಿಳ್ಳಪ್ಪನವರ ಹೊಸ ಫ್ಲೆಕ್ಸ್ ಬಿದ್ದಿತ್ತು. ಈ ಸಲ ಅದರಲ್ಲಿ ಪ್ರತಿಭಾ ಇರಲಿಲ್ಲ, ಮುಚ್ಚಿದ ಮೋರಿಯ ಚಿತ್ರವಿತ್ತು.

ಅದರ ಮುಂದಿನ ತಿಂಗಳ ಸಭೆಗೆ ಅವಳು ತಡವಾಗಿ ಬಂದಳು. ಇಂದಿರಾನಗರದ ಹತ್ತಿರ ಮಳೆನೀರು ನಿಂತು ಬಸ್ಸು ಅಲ್ಲಾಡಿರಲಿಲ್ಲ. ಸಭೆ ಹೊಗಳಿಕೆಯಲ್ಲಿ ಮುಗಿದೇಹೋಗಿರುತ್ತದೆ, ಮತ್ತೆ ಮೊದಲಿನಿಂದ ಎಲ್ಲ ಶುರುಮಾಡಬೇಕು ಎಂದು ಬೈದುಕೊ‍ಳ್ಳುತ್ತಾ ಕ್ರಾಸಿಗೆ ತಿರುಗಿದಳು. ಸಭೆ ಮುಗಿದಿರಲಿಲ್ಲ. ಮುತ್ತಣ್ಣ ಕುರ್ಚಿಯಿಂದ ಎದ್ದು ನಿಂತಿದ್ದರು. ಅವರ ಸುತ್ತ ತಗ್ಗಿನ ಮನೆಗಳ ಹೆಂಗಸರು.

"ನಮ್ಮ ತಗ್ಗಿನ್ಯಾಗ ಬೋರ್ ಹಾಕ್ಸೀವಂತ ಮೊನ್ನಿ ಹೊಸಾ ಬೋರ್ಡಿನ್ಯಾಗ ಬರದೀರಿ. ಎಲ್ಲ್ಯದ್ರಿ ಅದು? ತೋರಸ್ರಿ, ನಾವೂ ನೋಡ್ತೀವಿ," ಎನ್ನುತ್ತಿದ್ದಳು ಲಕ್ಷ್ಮಿದೇವಿ.

ಮುತ್ತಣ್ಣ ಗುಂಪಿನಾಚೆ ಪ್ರತಿಭಾಳನ್ನು ಕಂಡು, ಮುಳುಗುವವರು ದಡ ಕಂಡಂತೆ ಕೈಯೆತ್ತಿದರು. "ಮೇಡಂ, ಬಂದ್ರಾ! ನೀವಾದ್ರೂ ಹೇಳಿ ಇವರಿಗೆ ಸ್ವಲ್ಪ!"

ಪ್ರತಿಭಾ ಒದ್ದೆ ಕೊಡೆಯನ್ನು ಮಡಚಿ ಸಾಬಿರಾಳ ಪಕ್ಕದಲ್ಲಿ ನಿಂತಳು. ಕೂರಲು ಕುರ್ಚಿ ಇರಲಿಲ್ಲ, ಕಾಲು ಬೇರೆ ನೋಯುತ್ತಿತ್ತು.

"ಅವ್ರು ಕೇಳಿದ್ದು ನಿಮ್ಮನ್ನಲ್ವಾ ಸರ್," ಎಂದಳು. "ಹೇಳಿ, ನಾನೂ ಕೇಳಿಸ್ಕೋತೀನಿ."